ಹಳೆಯ ವಾಚಿಗೆ ಸಾಕ್ಷಿ ಯಾರು?

2021ರ ನವೆಂಬರ್‌ನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ 1957ರ ಕಾಲದ ಒಮೆಗಾ ಸ್ಪೀಡ್‌ಮಾಸ್ಟರ್ ಎಂದು ನಂಬಲಾದ ಕೈಗಡಿಯಾರವೊಂದು 31 ಲಕ್ಷ ಸ್ವಿಸ್ ಫ್ರಾಂಕ್‌ಗೆ, ಅಂದರೆ ಸುಮಾರು 25 ಕೋಟಿ ರೂಪಾಯಿಗೆ ಮಾರಾಟವಾಯಿತು. ಹರಾಜಿನವರು ಮೊದಲು ಕಟ್ಟಿದ್ದ ಅಂದಾಜು 80 ಸಾವಿರದಿಂದ 1.2 ಲಕ್ಷ ಫ್ರಾಂಕ್ ಮಾತ್ರ. ಅದರ ಕಪ್ಪು ಡಯಲ್ ಕಾಲಕ್ರಮದಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಇಂಥ ಡಯಲ್‌ಗೆ ಸಂಗ್ರಾಹಕರು ‘ಟ್ರಾಪಿಕಲ್’ ಎನ್ನುತ್ತಾರೆ, ಅದಕ್ಕಾಗಿ ಎಷ್ಟು ಬೇಕಾದರೂ ಕೊಡುತ್ತಾರೆ. 2023ರಲ್ಲಿ ನಿಜ ಹೊರಬಿತ್ತು. ಅದು ಬೇರೆ ಬೇರೆ ವಾಚುಗಳ ಭಾಗಗಳನ್ನು ಕೂಡಿಸಿ ಮಾಡಿದ್ದು, ಅದನ್ನು ಕೊಂಡಿದ್ದು ತನ್ನದೇ ಮ್ಯೂಸಿಯಂ, ಇದರಲ್ಲಿ ತನ್ನ ಮೂವರು ಮಾಜಿ ನೌಕರರ ಪಾತ್ರವಿದೆ ಎಂದು ಒಮೆಗಾ ಕಂಪನಿಯೇ ಪ್ರಕಟಿಸಿತು. ವಾಚು ಹಿಂದಿನ ದಿನ ಹೇಗೆ ಓಡುತ್ತಿತ್ತೋ ಮರುದಿನವೂ ಹಾಗೆಯೇ ಓಡುತ್ತಿತ್ತು, ನೋಡಲೂ ಅಷ್ಟೇ ಚೆಂದವಿತ್ತು. ಹೋದದ್ದು ನಂಬಿಕೆ ಮಾತ್ರ. ಅದರ ಜೊತೆಗೆ ಬೆಲೆಯೆಲ್ಲ ಹೋಯಿತು. ಅಪರೂಪದ ಹಳೆಯ ಸ್ಪೋರ್ಟ್ಸ್ ವಾಚು ಕೊಳ್ಳುವವರು ನಿಜಕ್ಕೂ ಕೊಳ್ಳುವುದು ಏನನ್ನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಕಾಣುವುದಿಲ್ಲ. ಅವರು ಕೊಳ್ಳುವುದು ಸಾಕ್ಷ್ಯವನ್ನು.

ಈ ವಾಚುಗಳು ಹುಟ್ಟಿದ್ದು ಆಭರಣಗಳಾಗಿ ಅಲ್ಲ, ಕೆಲಸದ ಸಲಕರಣೆಗಳಾಗಿ. 1953ರ ಸುಮಾರಿಗೆ ಬಂದ ಬ್ಲಾಂಪಾ ಕಂಪನಿಯ ಫಿಫ್ಟಿ ಫ್ಯಾದಮ್ಸ್ ಮತ್ತು ರೋಲೆಕ್ಸ್ ಸಬ್‌ಮರೀನರ್ ನೀರಿಗಿಳಿಯುವವರಿಗೆ ಮಾಡಿದವು. 1957ರ ಸ್ಪೀಡ್‌ಮಾಸ್ಟರ್ ಮತ್ತು 1963ರ ರೋಲೆಕ್ಸ್ ಡೇಟೋನಾ ಕಾರ್ ರೇಸಿನವರಿಗೆ. ಈ ರೇಸ್ ವಾಚುಗಳ ಅಂಚಿನ ಬಳೆಯ ಮೇಲೆ ಕೊರೆದಿರುವ ಅಂಕಿಗಳು ಅಲಂಕಾರಕ್ಕಲ್ಲ. ರಸ್ತೆಯಲ್ಲಿ ಒಂದು ಕಿಲೋಮೀಟರ್ ಶುರುವಾಗುವಾಗ ಗುಂಡಿ ಒತ್ತಿ, ಮುಗಿದಾಗ ಮತ್ತೆ ಒತ್ತಿದರೆ ಸೆಕೆಂಡಿನ ಮುಳ್ಳು ನಿಂತ ಕಡೆಯ ಅಂಕಿಯೇ ಗಂಟೆಗೆ ಎಷ್ಟು ಕಿಲೋಮೀಟರ್ ವೇಗ ಎಂದು ಹೇಳುತ್ತದೆ: 30 ಸೆಕೆಂಡಾದರೆ 120. ದುಡಿಯುವ ವಸ್ತುವಾದ್ದರಿಂದ ಅದು ಪೆಟ್ಟು ತಿಂದಿತು, ರಿಪೇರಿಗೆ ಹೋಯಿತು. ಮಾಸಿದ ಡಯಲ್, ತುಕ್ಕು ಹಿಡಿದ ಮುಳ್ಳು ಕಂಡರೆ ಕಂಪನಿಯ ಸರ್ವಿಸ್ ಸೆಂಟರಿನವರೇ ತೆಗೆದು ಹೊಸದು ಹಾಕಿ ಕಳಿಸುತ್ತಿದ್ದರು, ಮಾಲೀಕನೂ ಸಂತೋಷಪಡುತ್ತಿದ್ದ. ಹಾಗಾಗಿ ಹುಟ್ಟಿದಾಗಿನ ಭಾಗಗಳೆಲ್ಲ ಇಂದಿಗೂ ಒಟ್ಟಿಗಿರುವ ವಾಚು ಬಹಳ ಕಡಿಮೆ.

ಅಪರೂಪವಾಗಲು ಇನ್ನೊಂದು ಕಾರಣ, ಆ ಕಾಲದವರ ಅನಾದರ. ಡೇಟೋನಾದಲ್ಲಿ ಎದ್ದು ಕಾಣುವ ಅಂಕಿಗಳಿದ್ದ ವಿಶೇಷ ಡಯಲ್ ಒಂದಿತ್ತು. 1960ರ ದಶಕದಲ್ಲಿ ಅದನ್ನು ಕೇಳುವವರು ಕಡಿಮೆ. ಹಾಲಿವುಡ್ ನಟ, ರೇಸ್ ಚಾಲಕ ಪಾಲ್ ನ್ಯೂಮನ್ ಕಟ್ಟುತ್ತಿದ್ದದ್ದು ಅದೇ ಡಯಲ್‌ನ ವಾಚು. ಹೆಂಡತಿ ಜೋನ್ ವುಡ್‌ವರ್ಡ್ ಕೊಟ್ಟ ಆ ವಾಚಿನ ಬೆನ್ನ ಮೇಲೆ ‘ಜೋಪಾನವಾಗಿ ಓಡಿಸು’ ಎಂಬರ್ಥದ ಮಾತು ಕೆತ್ತಿದೆ. 1984ರಲ್ಲಿ ನ್ಯೂಮನ್ ಅದನ್ನು ಮಗಳ ಗೆಳೆಯನಿಗೆ ಕೊಟ್ಟುಬಿಟ್ಟರು. 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಅದಕ್ಕೆ ಬಂದದ್ದು ಸುಮಾರು 1.78 ಕೋಟಿ ಡಾಲರ್. ಅದೇ ಮಾದರಿಯ, ಅದೇ ಉಕ್ಕಿನ, ಒಳಗೆ ಅದೇ ಯಂತ್ರವಿರುವ ಬೇರೆ ವಾಚುಗಳು ಅದರ ಒಂದು ಸಣ್ಣ ಪಾಲಿಗೆ ಮಾತ್ರ ಮಾರಾಟವಾಗುತ್ತವೆ. ವ್ಯತ್ಯಾಸ ಇರುವುದು ಬೆನ್ನ ಮೇಲಿನ ಕೆತ್ತನೆಯಲ್ಲಿ, ಹಳೆಯ ಫೋಟೊಗಳಲ್ಲಿ, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ತುಂಡಾಗದ ಕೊಂಡಿಯಲ್ಲಿ.

ಎಲ್ಲ ವಾಚಿಗೂ ಇಂಥ ಕಥೆ ಇರುವುದಿಲ್ಲ. ಆಗ ವಸ್ತುವೇ ಬಾಯಿಬಿಡಬೇಕು, ಅದನ್ನು ಕೇಳಿಸಿಕೊಳ್ಳುವ ವಿದ್ಯೆಯೇ ಈ ಹವ್ಯಾಸದ ಜೀವ. ಕತ್ತಲಲ್ಲಿ ಹೊಳೆಯಲೆಂದು ಮುಳ್ಳಿಗೂ ಡಯಲ್‌ಗೂ ಹಚ್ಚಿದ ಬಣ್ಣವನ್ನೇ ನೋಡಿ. 1950ರ ದಶಕದಲ್ಲಿ ಅದರಲ್ಲಿ ರೇಡಿಯಂ ಇರುತ್ತಿತ್ತು. 60ರ ದಶಕದಲ್ಲಿ ಅದರ ಜಾಗಕ್ಕೆ ಟ್ರಿಟಿಯಂ ಬಂತು. ರೇಡಿಯಂನ ಶಕ್ತಿ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು, ಟ್ರಿಟಿಯಂಗೆ 12 ವರ್ಷ ಸಾಕು. ಆದರೂ ಹಳೆಯ ರೇಡಿಯಂ ಡಯಲ್ ಇಂದು ಹೊಳೆಯುವುದಿಲ್ಲ, ಯಾಕೆಂದರೆ ಬೆಳಕು ಕೊಡುತ್ತಿದ್ದ ಸತುವಿನ ಸಲ್ಫೈಡನ್ನು ಆ ವಿಕಿರಣವೇ ಸುಟ್ಟುಹಾಕಿರುತ್ತದೆ. ಕಣ್ಣಿಗೆ ಸತ್ತಂತೆ ಕಾಣುವ ಆ ಚುಕ್ಕೆಗಳ ಮೇಲೆ ಗೈಗರ್ ಮಾಪಕ ಹಿಡಿದರೆ ಅದು ಟಿಕಟಿಕ ಎನ್ನತೊಡಗುತ್ತದೆ. 1957ರದ್ದು ಎನ್ನುವ ವಾಚಿನ ಡಯಲ್ ಮೌನವಾಗಿದ್ದರೆ, ಅಥವಾ ಅದರ ಕೆಳಗೆ ಟ್ರಿಟಿಯಂ ಸೂಚಿಸುವ ‘ಟಿ’ ಅಕ್ಷರ ಇದ್ದರೆ, ಆ ಡಯಲ್ ಅಥವಾ ಅದರ ಬಣ್ಣ ಆಮೇಲೆ ಬಂದದ್ದು. ಮುಳ್ಳಿನ ಬಣ್ಣ ಬಿಳುಪಾಗಿದ್ದು ಡಯಲ್‌ನದು ಕೆನೆಗಟ್ಟಿದ ಹಳದಿಯಾಗಿದ್ದರೆ ಎರಡೂ ಒಟ್ಟಿಗೆ ಮುಪ್ಪಾಗಿಲ್ಲ ಎಂದು ಅನುಮಾನಿಸಬೇಕು. (ಇಂಥ ವಾಚನ್ನು ಮನೆಯಲ್ಲಿ ಬಿಚ್ಚಿ ಬಣ್ಣ ಕೆರೆಯಬಾರದು. ಉದುರುವ ರೇಡಿಯಂ ಪುಡಿ ಉಸಿರಿನೊಂದಿಗೆ ಒಳಹೋದರೆ ಅಪಾಯ.)

ವಾಚು ಎಂದಮೇಲೆ ಅದು ಓಡಬೇಕು, ಓಡಬೇಕಾದರೆ ರಿಪೇರಿ ಆಗಲೇಬೇಕು, ಹಾಗಿರುವಾಗ ಮುಟ್ಟಿದ್ದೇ ಮೈಲಿಗೆ ಎನ್ನುವುದು ಅತಿರೇಕವಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಣ್ಣೆ ಬದಲಿಸುವುದು, ಸವೆದ ಸ್ಪ್ರಿಂಗ್ ತೆಗೆದು ಹೊಸದು ಹಾಕಿಸುವುದು ಯಾವ ಸಾಕ್ಷ್ಯವನ್ನೂ ಅಳಿಸುವುದಿಲ್ಲ; ಅದನ್ನು ಮಾಡಿಸದಿದ್ದರೆ ಯಂತ್ರವೇ ಹಾಳಾಗುತ್ತದೆ. ಡಯಲ್‌ಗೆ ಮತ್ತೆ ಬಣ್ಣ ಹೊಡೆಸುವುದು, ಕೇಸಿನ ಚೂಪು ಅಂಚು ಮೊಂಡಾಗುವಂತೆ ಪಾಲಿಶ್ ಮಾಡಿಸುವುದು ಬೇರೆ ಮಾತು, ಅಳಿಸಿದ್ದನ್ನು ಮತ್ತೆ ಬರೆಯಲಾಗುವುದಿಲ್ಲ. ಬದಲಿಸಿದ್ದನ್ನು ಬಾಯಿಬಿಟ್ಟು ಹೇಳಿ ಅದಕ್ಕೆ ತಕ್ಕ ಬೆಲೆಗೆ ಮಾರಿದರೆ ಅದೂ ಪ್ರಾಮಾಣಿಕ ವಾಚೇ. ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಒಮೆಗಾದ ಮ್ಯೂಸಿಯಂ ಕೂಡ ಮೋಸಹೋಗುವುದಾದರೆ ಈ ಸಾಕ್ಷ್ಯಕ್ಕೆ ಏನರ್ಥ? ಆದರೆ ಆ ಮೋಸ ಬಯಲಾಗುವ ಮೊದಲು ಒಂದೊಂದು ಬಿಡಿಭಾಗವನ್ನೂ ಅದೇ ಕಾಲದ ಬೇರೆ ವಾಚುಗಳ ಜೊತೆ ಹೋಲಿಸಿ ಅನುಮಾನ ಎತ್ತಿದವರು ಹವ್ಯಾಸಿ ಸಂಶೋಧಕರು. ಸೋತದ್ದು ದೊಡ್ಡ ಹೆಸರಿನ ಮೇಲೆ, ದೊಡ್ಡ ಬೆಲೆಯ ಮೇಲೆ ಇಟ್ಟ ಭರವಸೆ, ಪರೀಕ್ಷೆಯಲ್ಲ. ಕಂಪನಿಯ ದಾಖಲೆ ಒಂದು ಸಂಖ್ಯೆಯ ಯಂತ್ರ ಯಾವಾಗ ತಯಾರಾಯಿತು ಎಂದು ಹೇಳಬಲ್ಲದು. ಇವತ್ತು ಅದರ ಮೇಲೆ ಕೂತಿರುವ ಡಯಲ್ ಅಂದಿನದೇ ಎಂದು ಅದು ಹೇಳಲಾರದು.

ಇದು ಕೋಟ್ಯಧಿಪತಿಗಳ ಗೀಳು, ನಮಗೇನು ಎಂದು ತಳ್ಳಿಹಾಕುವುದೂ ಸರಿಯಲ್ಲ. 1961ರಿಂದ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ತಯಾರಾದ ಎಚ್‌ಎಂಟಿ ವಾಚುಗಳಿಗೂ ಈಗ ಸಂಗ್ರಾಹಕರಿದ್ದಾರೆ, ಕಪ್ಪು ಡಯಲ್‌ನ ‘ಪೈಲಟ್’ಗಂತೂ ವಿದೇಶದಲ್ಲೂ ಬೇಡಿಕೆ ಇದೆ. ಬೇಡಿಕೆ ಬಂದದ್ದೇ ತಡ, ಹಳೆಯ ಎಚ್‌ಎಂಟಿಗಳ ಡಯಲ್ ಉಜ್ಜಿ, ಕಂಪನಿ ಎಂದೂ ಮಾಡದ ಬಣ್ಣಗಳನ್ನು ಬಳಿದು ಮಾರುವ ದಂಧೆಯೂ ಶುರುವಾಯಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಆ ಹಳೆಯ ವಾಚುಗಳಿಗೆ ಹೊಸದಾಗಿ ದಾಖಲೆ ಹುಟ್ಟುವ ಕಾಲ ಮುಗಿಯಿತು. ಇರುವ ಸಾಕ್ಷ್ಯವೆಲ್ಲ ಮನೆಗಳ ಬೀರುವಿನಲ್ಲಿದೆ: ಬಿಲ್ಲು, ವಾರಂಟಿ ಚೀಟಿ, ಡಬ್ಬಿ, ಮದುವೆಗೋ ನಿವೃತ್ತಿಗೋ ಬಂದ ವಾಚಿನ ಹಿಂದೆ ಕೆತ್ತಿಸಿದ ಹೆಸರು. ಅಂಥ ವಾಚೊಂದನ್ನು ರಿಪೇರಿಗೆ ಕೊಡುವಾಗ ಮೊದಲು ಒಂದು ಫೋಟೊ ತೆಗೆದುಕೊಳ್ಳಿ, ಡಯಲ್‌ಗೆ ಪೇಂಟ್ ಬೇಡ, ಕೇಸಿಗೆ ಪಾಲಿಶ್ ಬೇಡ ಎಂದು ಬರೆದುಕೊಡಿ, ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ವಾಪಸ್ ಪಡೆಯಿರಿ.