ಮಾತ್ರೆಯ ಆಚೆಗಿನ ಆರೈಕೆ

ಪ್ರಶ್ನೆ: ಮಾನಸಿಕ ಕಾಯಿಲೆಗೆ ಔಷಧಿ ಬರೆಯುವವರು ವೈದ್ಯರು. ಹಾಗಿದ್ದರೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಎಂಬುವರಿಗೆ ಆಸ್ಪತ್ರೆಯಲ್ಲಿ ಏನು ಕೆಲಸ?

ಉತ್ತರ: ರೋಗಿಯ ಜೊತೆಗೆ ಇಡೀ ಮನೆಯವರ ಕಷ್ಟ ಕೇಳುವುದೇ ಅವರ ಮುಖ್ಯ ಕೆಲಸ. ಸ್ಕಿಜೋಫ್ರೇನಿಯಾ ಇರುವ ಮಗ ಹಗಲೆಲ್ಲ ಸುಮ್ಮನೆ ಮಲಗಿದ್ದರೆ ಹೆತ್ತವರು ಸೋಮಾರಿ ಎಂದು ಬೈಯುವುದುಂಟು. ಉತ್ಸಾಹ ಬತ್ತುವುದು ಆ ಕಾಯಿಲೆಯದೇ ಲಕ್ಷಣ ಎಂದು ಇವರು ಬಿಡಿಸಿ ಹೇಳುತ್ತಾರೆ. ಇದು ಬರೀ ಸಮಾಧಾನದ ಮಾತಲ್ಲ. ಮನೆಯಲ್ಲಿ ಟೀಕೆ, ಹಗೆತನ ಹೆಚ್ಚಿದ್ದರೆ ಕಾಯಿಲೆ ಮರುಕಳಿಸುವ ಸಾಧ್ಯತೆಯೂ ಹೆಚ್ಚು ಎಂಬುದನ್ನು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ.

ಅವರ ಕೆಲಸದ ಇನ್ನೊಂದು ಭಾಗ ಓಡಾಟದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಹಾಗಾಗಿ ಅಂಗವೈಕಲ್ಯದ ಪ್ರಮಾಣಪತ್ರ, ಮಾಸಾಶನಕ್ಕೆ ದಾರಿ ತೋರಿಸುವುದು, ಚಿಕಿತ್ಸೆಗೆ ಬರುವುದನ್ನು ನಿಲ್ಲಿಸಿದವರಿಗೆ ಫೋನ್ ಮಾಡಿ ವಿಚಾರಿಸುವುದು, ಮತ್ತೆ ಕೆಲಸಕ್ಕೆ ಸೇರಲು ನೆರವಾಗುವುದು, ಇವೆಲ್ಲ ಇವರ ಹೊಣೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಉನ್ನತ ತರಬೇತಿ ಇದೆ.

ಆರೈಕೆ ಮಾಡುವವರೂ ಬಳಲುತ್ತಾರೆ. ಆಗ ಸಹಾಯ ಕೇಳಲು ದಯವಿಟ್ಟು ಸಂಕೋಚ ಬೇಡ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.