ಅರ್ಥಿಂಗ್ ಹುಡುಕುವ ಮಿಸ್ತ್ರಿಗಳು

ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದ ಕೂಡಲೇ ಗಾಡಿ ಸರಿಯಾಗಿಬಿಡುತ್ತದೆ. ನಿನ್ನೆ ರಾತ್ರಿ ಅಣಶಿ ಘಟ್ಟದ ತಿರುವಿನಲ್ಲಿ ಆರಿಹೋಗಿದ್ದ ಹೆಡ್‌ಲೈಟು ಈಗ ಝಗ್ಗೆಂದು ಉರಿಯುತ್ತದೆ. ಬೆಳಿಗ್ಗೆ ‘ಟಕ್’ ಎಂದಷ್ಟೇ ಸದ್ದು ಮಾಡಿ ಸುಮ್ಮನಾಗಿದ್ದ ಸೆಲ್ಫು ಒಂದೇ ಹೊಡೆತಕ್ಕೆ ಎಂಜಿನ್ ಎಬ್ಬಿಸುತ್ತದೆ. ‘ಇಲ್ಲಿ ಬಂದ್ರ ಭೇಷಿ ಇರ್ತೈತ್ರಿ, ಮನಿಗೆ ಹೋದ್ರ ಮತ್ತ ಅದ ರಾಗ’ ಎನ್ನುವ ಮಾಲೀಕರ ದನಿಯಲ್ಲಿ ಅರ್ಧ ಸಿಟ್ಟು, ಅರ್ಧ ಸಂಕೋಚ. ಪೂರ್ತಿ ಕೆಟ್ಟು ಕೂತದ್ದನ್ನು ಸರಿಮಾಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಒಮ್ಮೆ ಕೆಟ್ಟು ಒಮ್ಮೆ ನೆಟ್ಟಗಾಗುವುದನ್ನು ಹಿಡಿಯುವವರು ವಿರಳ. ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ರಸ್ತೆಬದಿಯ ‘ಆಟೋ ಎಲೆಕ್ಟ್ರಿಕಲ್ಸ್’ ಅಂಗಡಿಗಳಲ್ಲಿ ಅಂಥವರು ಇನ್ನೂ ಇದ್ದಾರೆ.

ಉತ್ತರ ಕನ್ನಡದ ಈ ಮೂಲೆಯಲ್ಲಿ ಗಾಡಿಗಳಿಗೆ ಆಯುಷ್ಯ ಹೆಚ್ಚು. 1950ರ ದಶಕದಲ್ಲಿ ದಾಂಡೇಲಿಗೆ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಬಂತು. ಬಿದಿರು, ಕಟ್ಟಿಗೆ ಹೊರುವ ಲಾರಿಗಳು ಬಂದವು. ಗಣೇಶಗುಡಿಯ ಬಳಿ ಕಾಳಿ ನದಿಗೆ ಸೂಪಾ ಅಣೆಕಟ್ಟು ಎದ್ದಿತು. ಈಗ ಸಫಾರಿ, ರಾಫ್ಟಿಂಗ್, ಹೋಂಸ್ಟೇಗಳ ಕಾಲ. ಮುಂಡಗೋಡದಲ್ಲಿ 1966ರಲ್ಲಿ ನೆಲೆಯೂರಿದ ಟಿಬೆಟನ್ ಕ್ಯಾಂಪುಗಳಿಂದ ಹುಬ್ಬಳ್ಳಿಗೆ ಟ್ಯಾಕ್ಸಿಗಳ ಓಡಾಟ. ಹಳಿಯಾಳದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು. ಅಂಬಾಸಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಆದರೆ ಕಾಡಿನ ನಡುವಿನ ಹಳ್ಳಿಗಳಲ್ಲಿ ಮಹೀಂದ್ರ ಜೀಪು, ಓಮ್ನಿ, 800 ಇವತ್ತಿಗೂ ದುಡಿಯುತ್ತಿವೆ. ದಾಂಡೇಲಿಗೆ ಕೆಎ 65 ಬರುವ ಮೊದಲೇ ನೋಂದಣಿಯಾಗಿ, ಕಾರವಾರದ ಕೆಎ 30 ಹೊತ್ತು ಓಡುತ್ತಿರುವ ಗಾಡಿಗಳು ಸಂತೆಯ ದಿನ ಕಣ್ಣಿಗೆ ಬೀಳುತ್ತವೆ. ಹದಿನೈದು ವರ್ಷ ತುಂಬಿದ ಖಾಸಗಿ ವಾಹನಕ್ಕೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು; ಆಗ ಲೈಟು, ಹಾರ್ನು, ಇಂಡಿಕೇಟರ್ ಎಲ್ಲ ನೆಟ್ಟಗಿರಬೇಕು.

ಅಂಗಡಿ ಎಂದರೆ ತಗಡಿನ ಚಪ್ಪರ, ಗುಂಯ್‌ಗುಡುವ ಬ್ಯಾಟರಿ ಚಾರ್ಜರ್, ಬಿಚ್ಚಿ ಹರವಿದ ಡೈನಮೋ, ಮೊಳೆಗೆ ತೂಗುಹಾಕಿದ ಬಣ್ಣಬಣ್ಣದ ವೈರಿನ ಸುರುಳಿ. ಬೆಲೆಬಾಳುವ ಯಂತ್ರವೇನೂ ಇಲ್ಲ. ಮಿಸ್ತ್ರಿಯ ಮುಖ್ಯ ಆಯುಧ ಟೆಸ್ಟ್ ಲ್ಯಾಂಪ್: 12 ವೋಲ್ಟಿನ ಒಂದು ಬಲ್ಬು, ಅದಕ್ಕೆ ಎರಡು ವೈರು, ತುದಿಗೊಂದು ಕ್ಲಿಪ್, ಇನ್ನೊಂದಕ್ಕೆ ಸೂಜಿ. ಮಲ್ಟಿಮೀಟರ್ ಇದ್ದರೂ ಮೊದಲು ಕೈ ಹೋಗುವುದು ಇದಕ್ಕೇ. ಅದು ಹಳೆಯ ಅಭ್ಯಾಸದ ಮೊಂಡುತನವಲ್ಲ, ಅದರ ಹಿಂದೆ ಗಟ್ಟಿ ಕಾರಣವಿದೆ. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರ್ 12 ವೋಲ್ಟ್ ಎಂದೇ ತೋರಿಸುತ್ತದೆ. ಅದು ಎಳೆದುಕೊಳ್ಳುವ ಕರೆಂಟು ಲೆಕ್ಕಕ್ಕೇ ಬಾರದಷ್ಟು ಕಡಿಮೆ. 21 ವ್ಯಾಟಿನ ಬಲ್ಬು ಸುಮಾರು ಎರಡು ಆಂಪಿಯರ್ ಬೇಡುತ್ತದೆ. ವೈರು ಆ ಹೊರೆ ತಾಳದಿದ್ದರೆ ಬಲ್ಬು ಮಂಕಾಗುತ್ತದೆ, ಸುಳ್ಳು ಬಯಲಾಗುತ್ತದೆ. ಕಂಪ್ಯೂಟರ್ ಇರುವ ಈಚಿನ ಗಾಡಿಗಳ ಇಸಿಎಂ ವೈರುಗಳಿಗೆ ಮಾತ್ರ ಈ ಬಲ್ಬು ತಾಗಿಸಬಾರದು, ಬೋರ್ಡು ಸುಟ್ಟೀತು. ಅಲ್ಲಿ ಮಲ್ಟಿಮೀಟರೇ ಸರಿ.

ಹಳಿಯಾಳ ರಸ್ತೆಯ ಒಂದು ಅಂಗಡಿಯಲ್ಲಿ ನಾನು ಕೂತು ನೋಡಿದ ಕೆಲಸವೊಂದನ್ನು ಹೇಳಬೇಕು. ಜೊಯಿಡಾ ಕಡೆಯಿಂದ ಜೀಪೊಂದು ಬಂತು. ‘ಉಸ್ತಾದ್, ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಿಣಮಿಣ ಅಂತದೆ. ಯಾವಾಗ್ಲೂ ಅಲ್ಲ’ ಎಂದ ಡ್ರೈವರ್. ‘ಬಲ್ಬ್ ಬದಲಿ ಮಾಡಿದ್ರೇನು?’ ‘ಎರಡು ಸಲ ಮಾಡಿದೆ.’ ‘ಅದು ಬಲ್ಬಿಂದಲ್ರೀ, ಹಿಂದಿನ ಅರ್ಥಿಂಗ್ ಹೋಗೇತಿ’ ಎಂದವರೇ ಉಸ್ತಾದ್ ಉದ್ದನೆಯ ವೈರೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹಿಂದಿನ ಲೈಟಿನ ಹೋಲ್ಡರಿಗೆ ಮುಟ್ಟಿಸಿದರು. ಬ್ರೇಕ್ ಲೈಟು ಕೆಂಪಗೆ ತುಂಬಿ ಉರಿಯಿತು, ಇಂಡಿಕೇಟರಿನ ಮಿಣುಕು ನಿಂತಿತು. ವೈರು ತೆಗೆದು ಲೈಟನ್ನು ಮುಷ್ಟಿಯಿಂದ ಗುದ್ದಿದರು. ಕಾಯಿಲೆ ಮರಳಿ ಬಂತು. ಮತ್ತೆ ಗುದ್ದಿದರು; ಹೋಯಿತು. ಆಮೇಲೆಯೇ ಸ್ಪ್ಯಾನರ್ ಹಿಡಿದದ್ದು. ಬೋಲ್ಟಿನ ಕೆಳಗೆ ಕೆಸರು, ತುಕ್ಕು, ಅದರ ಮೇಲೆ ಯಾರೋ ಬಳಿದ ಬಣ್ಣ. ಪಾಲಿಶ್ ಪೇಪರಿನಿಂದ ಬೆಳ್ಳಗಾಗುವ ತನಕ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿದು, ಮೇಲಿಷ್ಟು ಗ್ರೀಸ್ ಬಳಿದರು. ಒಂದು ವಾಷರ್ ಬಿಟ್ಟರೆ ಹೊಸದೇನೂ ಬೀಳಲಿಲ್ಲ.

ನಡೆದದ್ದೇನು ಎಂಬುದು ಸರಳ. ಗಾಡಿಯಲ್ಲಿ ಬ್ಯಾಟರಿಯಿಂದ ಬಲ್ಬಿಗೆ ಹೋಗಲು ವೈರು ಇರುತ್ತದೆ. ಮರಳಿ ಬರಲು ಬಹುಪಾಲು ಗಾಡಿಯ ಕಬ್ಬಿಣವೇ ದಾರಿ, ಅದೇ ಅರ್ಥಿಂಗ್. ಆ ದಾರಿಯಲ್ಲಿ ತುಕ್ಕು ಅಡ್ಡ ನಿಂತರೆ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ಇನ್ನೊಂದು ಹಾದಿ ಹುಡುಕುತ್ತದೆ. ಹಾಗಾಗಿ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ. 60 ವ್ಯಾಟಿನ ಹೆಡ್‌ಲೈಟ್ ಐದು ಆಂಪಿಯರ್ ಎಳೆಯುತ್ತದೆ, ದಾರಿಯಲ್ಲಿ 0.2 ಓಮ್‌ನಷ್ಟು ತುಕ್ಕಿನ ತಡೆ ಇದ್ದರೂ ಒಂದು ವೋಲ್ಟ್ ಅಲ್ಲೇ ಸೋರಿತು, ಬೆಳಕು ಹಳದಿಗೆ ತಿರುಗಿತು. ಸೆಲ್ಫ್ ಮೋಟಾರಿನ ಹಸಿವು ನೂರು ಆಂಪಿಯರಿಗೂ ಮೇಲೆ. ಎಂಜಿನ್ನಿಗೂ ಚಾಸಿಗೂ ನಡುವಿನ ಹೆಣೆದ ತಾಮ್ರದ ಪಟ್ಟಿ ಹರಿದಿದ್ದರೆ ಆ ಕರೆಂಟೆಲ್ಲ ಆಕ್ಸಿಲರೇಟರ್ ಅಥವಾ ಚೋಕ್ ಕೇಬಲಿನ ಮೂಲಕ ಹರಿಯುತ್ತದೆ. ಕೇಬಲ್ ಮುಟ್ಟಿದರೆ ಚುರ್ ಎನ್ನುತ್ತದೆ. ಆ ಪಟ್ಟಿ ನೋಡದೆ ಬ್ಯಾಟರಿಯನ್ನೋ ಸೆಲ್ಫನ್ನೋ ಹೊಸದು ಹಾಕಿಸಿದವರು ಎಷ್ಟೋ ಮಂದಿ. ಭಾಗ ಬದಲಿಸುವುದು ವ್ಯಾಪಾರ, ದೋಷ ಹುಡುಕುವುದು ವಿದ್ಯೆ. ಈ ಎರಡನ್ನು ನಾವು ಬೇರೆ ಮಾಡಿ ನೋಡುವುದೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ.

ಪೆಟ್ರೋಲ್ ಗೇಜಿನ ಕಥೆಯೂ ಬಹಳ ಸಲ ಇಲ್ಲಿಗೇ ಬಂದು ನಿಲ್ಲುತ್ತದೆ. ಜೊಯಿಡಾ ತಾಲ್ಲೂಕಿನಲ್ಲಿ ಪೆಟ್ರೋಲ್ ಬಂಕು ದೂರ, ಫೋನಿಗೆ ಸಿಗ್ನಲ್ ಅಪರೂಪ, ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಇಲ್ಲಿ ಮುಳ್ಳು ಸುಳ್ಳು ಹೇಳಿದರೆ ರಾತ್ರಿ ಕಾಡಿನಲ್ಲೇ. ಹಳೆಯ ಜೀಪಿನವರು ಸೀಟಿನಡಿಯ ಟ್ಯಾಂಕಿಗೆ ಕಡ್ಡಿ ಅದ್ದಿ ನೋಡಿಕೊಳ್ಳುತ್ತಾರೆ. ಕಾರಿನವರಿಗೆ ಆ ಅನುಕೂಲವಿಲ್ಲ.

ಟ್ಯಾಂಕಿನೊಳಗೆ ಫ್ಲೋಟು, ಅದಕ್ಕೊಂದು ತೋಳು. ತೋಳಿನ ತುದಿ ತಂತಿ ಸುತ್ತಿದ ಪಟ್ಟಿಯ ಮೇಲೆ ಉಜ್ಜುತ್ತ ಓಡಾಡುತ್ತದೆ. ಎಣ್ಣೆ ಇಳಿದಂತೆ ತಡೆ ಬದಲಾಗುತ್ತದೆ, ಡ್ಯಾಶ್‌ಬೋರ್ಡಿನ ಮುಳ್ಳು ಸರಿಯುತ್ತದೆ. ಮಿಸ್ತ್ರಿಯ ಮೊದಲ ಪರೀಕ್ಷೆ ಟ್ಯಾಂಕಿನ ಹತ್ತಿರ ನಡೆಯುವುದಿಲ್ಲ. ಟ್ಯಾಂಕಿನಿಂದ ದೂರದ ಕಪ್ಲರಿನಲ್ಲಿ ವೈರು ಬಿಚ್ಚಿ, ಚಿಕ್ಕ ಬಲ್ಬಿನ ಮೂಲಕ ಅರ್ಥಿಂಗಿಗೆ ಕೊಡುತ್ತಾರೆ. ಮಾರುತಿ 800ರಂಥ ಗಾಡಿಗಳಲ್ಲಿ ಮುಳ್ಳು ‘ಎಫ್’ ಕಡೆಗೆ ಏರಬೇಕು, ಬಿಚ್ಚಿದರೆ ‘ಇ’ಗೆ ಇಳಿಯಬೇಕು. ಕೆಲವು ಗಾಡಿಗಳಲ್ಲಿ ಇದು ತಿರುಗುಮುರುಗು. ಮುಳ್ಳು ಹೀಗೆ ಆಡಿದರೆ ಮೀಟರೂ ವೈರೂ ಸರಿ ಇವೆ, ದೋಷ ಟ್ಯಾಂಕಿನ ಕಡೆ. ಅಲ್ಲೂ ಮೊದಲು ನೋಡುವುದು ಟ್ಯಾಂಕಿನ ಅರ್ಥಿಂಗನ್ನೇ. ರಬ್ಬರ್ ಪಟ್ಟಿಯ ಮೇಲೆ ಕೂತ ಟ್ಯಾಂಕಿಗೆ ಬಾಡಿಯ ಜೊತೆ ನಂಟು ಕೊಡುವುದು ಒಂದು ಸಣ್ಣ ವೈರು. ಅದು ತುಕ್ಕು ಹಿಡಿದರೆ ಹಳ್ಳದಲ್ಲಿ ಒಂದು ಅಂಕಿ, ಡಾಂಬರಿನ ಮೇಲೆ ಇನ್ನೊಂದು.

ಅದೂ ಸರಿಯಿದ್ದರೆ ಟ್ಯಾಂಕ್ ಯೂನಿಟ್ ಹೊರಬರಬೇಕು. ಆಗ ಬ್ಯಾಟರಿಯ ಕನೆಕ್ಷನ್ ಕಳಚಿರಬೇಕು, ಗಾಡಿ ಬಯಲಲ್ಲಿರಬೇಕು, ಸುತ್ತ ಬೀಡಿ ಸೇದುವವರು ಇರಬಾರದು. ಪೆಟ್ರೋಲಿನ ಆವಿ ಯಾರ ಮುಲಾಜೂ ನೋಡುವುದಿಲ್ಲ. ಹೊರಬಂದ ಫ್ಲೋಟನ್ನು ಮಿಸ್ತ್ರಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಪೆಟ್ರೋಲ್ ಕುಲುಕಿದರೆ ಫ್ಲೋಟ್ ತೂತಾಗಿ ಮುಳುಗಿದೆ. ಟ್ಯಾಂಕ್ ತುಂಬಿದ್ದರೂ ಮುಳ್ಳು ಏಳದೇ ಇದ್ದದ್ದು ಅದಕ್ಕೇ. ಅರ್ಧಕ್ಕೆ ಬಂದಾಗ ಮುಳ್ಳು ಧೊಪ್ಪನೆ ಬಿದ್ದು, ಮುಂದೆ ಮತ್ತೆ ಏಳುತ್ತಿದ್ದರೆ ತಂತಿ ಆ ಜಾಗದಲ್ಲಿ ಸವೆದಿದೆ ಎಂದರ್ಥ. ಹೊಸ ಯೂನಿಟ್ ಸಿಗದ ಗಾಡಿಗಳಿಗೆ ತೋಳನ್ನು ಕೂದಲೆಳೆಯಷ್ಟು ಬಗ್ಗಿಸಿ ಸವೆಯದ ಪಕ್ಕದ ಜಾಗದಲ್ಲಿ ಕೂರಿಸುವ ಕೈಚಳಕವಿದೆ. ಅದನ್ನು ಹತ್ತಿರದಿಂದ ನೋಡಿದರೆ ಅಕ್ಕಸಾಲಿಗರ ನೆನಪಾಗುತ್ತದೆ.

ಪೆಟ್ರೋಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಒಟ್ಟಿಗೇ ಹೆಚ್ಚು ತೋರಿಸತೊಡಗಿದರೆ ಟ್ಯಾಂಕಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಹಳೆಯ ಹಲವು ಗಾಡಿಗಳಲ್ಲಿ ಎರಡಕ್ಕೂ ಒಂದೇ ಸ್ಟೆಬಿಲೈಜರ್ ಹದವಾದ 10 ವೋಲ್ಟ್ ಒದಗಿಸುತ್ತದೆ. ಅದರ ಅರ್ಥಿಂಗ್ ಕಡಿದರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರಿಗೆ ನುಗ್ಗುತ್ತದೆ. ಒಟ್ಟಿಗೇ ಕೆಟ್ಟ ಎರಡರ ನಡುವೆ ಹಂಚಿಕೊಂಡದ್ದೇನು ಎಂಬುದು ಮಿಸ್ತ್ರಿ ಕೇಳಿಕೊಳ್ಳುವ ಮೊದಲ ಪ್ರಶ್ನೆ. ಘಟ್ಟ ಹತ್ತುವಾಗ ಮುಳ್ಳು ಸರಿದರೆ ಅದು ಕಾಯಿಲೆಯಲ್ಲ, ಟ್ಯಾಂಕಿನ ಎಣ್ಣೆ ಒಂದು ಕಡೆ ಸರಿದದ್ದು.

ಊರೂರಿಗೆ ಕಾಯಿಲೆಯೂ ಬೇರೆ. ಕ್ಯಾಸಲ್‌ರಾಕ್, ಅಣಶಿ ಕಡೆಯ ಮಳೆಯಲ್ಲಿ ನಿಂತ ಗಾಡಿಯ ಫ್ಯೂಸ್ ಬಾಕ್ಸ್ ತೆಗೆದರೆ ತಾಮ್ರದ ಮೇಲೆ ಹಸಿರು ಕಿಲುಬು. ಬೆಳಿಗ್ಗೆ ತೇವದಲ್ಲಿ ಕೆಡುವುದು, ಎಂಜಿನ್ ಬಿಸಿಯಾಗಿ ಒಣಗಿದ ಮೇಲೆ ನೆಟ್ಟಗಾಗುವುದು ಇದೇ ಕಿಲುಬಿನ ಲಕ್ಷಣ. ಹಳಿಯಾಳದಲ್ಲಿ ಕಬ್ಬಿನ ಹಂಗಾಮಿನ ಧೂಳು, ಹೊಲದ ದಾರಿಯ ಕುಲುಕಾಟ: ಚಾಸಿಯ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಮೈ ಸುಲಿಯುತ್ತದೆ, ಹಳ್ಳ ಬಿದ್ದಾಗಲಷ್ಟೇ ಶಾರ್ಟ್ ಆಗುತ್ತದೆ. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಬೆಚ್ಚಗೆ ಸೇರುವ ಇಲಿಗಳು ನಾಲ್ಕೂ ತಾಲ್ಲೂಕಿಗೆ ಸಮಾನ. ಫ್ಯೂಸ್ ಹಾರಿದಾಗ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಸಿಕ್ಕಿಸುವ ಚಾಳಿಯನ್ನು ಮಾತ್ರ ಯಾರೂ ಇಟ್ಟುಕೊಳ್ಳಬಾರದು. ಫ್ಯೂಸ್ ಸುಡುವ ಬದಲು ವೈರಿಂಗೇ ಸುಡುತ್ತದೆ.

ಈ ಕೆಲಸಕ್ಕೆ ಬಿಲ್ಲು ಬರೆಯುವುದೇ ಕಷ್ಟ. ಎರಡು ತಾಸು ಹುಡುಕಿ ಎರಡು ನಿಮಿಷದಲ್ಲಿ ಬೋಲ್ಟ್ ಬಿಗಿದಾಗ ಗಿರಾಕಿ ಎರಡು ನಿಮಿಷಕ್ಕಷ್ಟೇ ಕಾಸು ಕೊಡಲು ನೋಡುತ್ತಾನೆ. ಹುಡುಗರು ಕಲಿಯಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ. ಹಳಿಯಾಳದಲ್ಲಿ ಸ್ವಉದ್ಯೋಗಕ್ಕೆ ಉಚಿತ ತರಬೇತಿ ಕೊಡುವ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಇಂಥ ಕಡೆ ಹಳೆಯ ಮಿಸ್ತ್ರಿಗಳನ್ನೇ ಕರೆಸಿ, ಬೇಕೆಂದೇ ಕೆಡಿಸಿಟ್ಟ ಗಾಡಿಯ ಮುಂದೆ ಹುಡುಗ ಹುಡುಗಿಯರನ್ನು ಕೂರಿಸಿ ದೋಷ ಹುಡುಕುವುದನ್ನು ಒಂದು ಪಾಠವಾಗಿಯೇ ಕಲಿಸಬೇಕು.

ಗಾಡಿ ಇಟ್ಟುಕೊಂಡವರೂ ಮಿಸ್ತ್ರಿಗೆ ಅರ್ಧ ಕೆಲಸ ಮಾಡಿಕೊಡಬಹುದು. ‘ಒಮ್ಮೊಮ್ಮೆ ಕೆಡ್ತದೆ’ ಎಂದರೆ ಅವರಿಗೆ ಏನೂ ಸಿಗುವುದಿಲ್ಲ. ಕೆಟ್ಟಾಗ ಮಳೆ ಇತ್ತೇ, ಎಂಜಿನ್ ತಣ್ಣಗಿತ್ತೇ, ವೈಪರ್ ಓಡುತ್ತಿತ್ತೇ, ಯಾವ ಕಡೆ ತಿರುಗುತ್ತಿದ್ದಿರಿ, ಅದರ ಜೊತೆ ಇನ್ನೇನು ಕೆಟ್ಟಿತು ಎಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಮೃಗಶಿರಾ ಮಳೆ ಹಿಡಿಯುವ ಮೊದಲೇ ಒಯ್ಯಿರಿ. ಜೂನ್ ಬಂದರೆ ಈ ಅಂಗಡಿಗಳ ಮುಂದೆ ಜೀಪು ನಿಲ್ಲಿಸಲು ಜಾಗ ಸಿಗುವುದು ಕಷ್ಟ.