ಕಾಕನಕೋಟೆಯ ಮುಸುವ, ಸಾಲುಮರದ ಕೋತಿ

ಚಿಂಪಾಂಜಿಯನ್ನು ಅದರ ಸ್ವಂತ ಕಾಡಿನಲ್ಲಿಯೇ ನೋಡಬೇಕೆಂಬ ಹಂಬಲವುಳ್ಳವರು ಆಫ್ರಿಕ ಖಂಡಕ್ಕೆ ಹೋಗದೆ ವಿಧಿಯಿಲ್ಲ. ಉಗಾಂಡದ ಕಿಬಾಲೆ ಅರಣ್ಯದಲ್ಲಿ ದಾರಿ ತೋರುವವನ ಹಿಂದೆ ಮೌನವಾಗಿ ನಡೆದರೆ ಅತ್ತಿಮರಗಳ ಮೇಲೆ ಅವುಗಳ ಗುಂಪು ಕಾಣಸಿಗುವುದುಂಟು. ಟಾಂಜಾನಿಯಾದ ಗೊಂಬೆ ಅರಣ್ಯವಂತೂ ಲೋಕಪ್ರಸಿದ್ಧ. ಚಿಂಪಾಂಜಿಯು ಹುಲ್ಲುಕಡ್ಡಿಯನ್ನು ಹುತ್ತದೊಳಕ್ಕೆ ತೂರಿಸಿ, ಅದಕ್ಕಂಟಿದ ಗೆದ್ದಲನ್ನು ಮೆಲ್ಲುವುದನ್ನು ಜೇನ್ ಗುಡಾಲ್ ಎಂಬ ತರುಣಿ 1960ರಲ್ಲಿ ಕಂಡದ್ದು ಅಲ್ಲಿಯೇ. ಉಪಕರಣವನ್ನು ಬಳಸಬಲ್ಲವನು ಮನುಷ್ಯನೊಬ್ಬನೇ ಎಂಬ ಗರ್ವ ಅಂದಿಗೆ ಮುರಿಯಿತು.

ಅಷ್ಟು ದೂರದ ಪ್ರಯಾಣ ಎಲ್ಲರ ಕೈಗೂ ನಿಲುಕುವಂಥದಲ್ಲ. ನಮ್ಮ ದೇಶದಲ್ಲಿ ಬಾಲವಿಲ್ಲದ ವಾನರವೆಂದರೆ ಈಶಾನ್ಯದ ಕಾಡುಗಳ ಹೂಲಾಕ್ ಗಿಬ್ಬನ್ ಮಾತ್ರ. ಆದರೆ ಮೈಸೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ, ಅದೇ ವಿಶಾಲ ಕುಲಕ್ಕೆ ಸೇರಿದ ನೆಂಟರಿದ್ದಾರೆ. ಅವರನ್ನು ನೋಡಲು ಹಡಗು ವಿಮಾನಗಳ ಅಗತ್ಯವಿಲ್ಲ. ಒಂದು ಮುಂಜಾನೆಯೂ ತುಸು ತಾಳ್ಮೆಯೂ ಸಾಕು.

ಮೊದಲ ಹೆಸರು ಮುಸುವನದು. ನಾಗರಹೊಳೆಯ ಅಭಯಾರಣ್ಯ 1955ರಲ್ಲಿ ರಚಿತವಾದದ್ದು. ಇಂದು 643 ಚದರ ಕಿಲೋಮೀಟರುಗಳ ರಾಷ್ಟ್ರೀಯ ಉದ್ಯಾನವಾಗಿ ಮೈಸೂರು, ಕೊಡಗು ಜಿಲ್ಲೆಗಳಲ್ಲಿ ಹರಡಿದೆ. ಹುಣಸೂರಿನ ಕಡೆಯಿಂದ ಹೋಗುವವರಿಗೆ ವೀರನಹೊಸಹಳ್ಳಿಯ ಬಾಗಿಲು. ಕೋಟೆಯ ಕಡೆಯವರಿಗೆ ಅಂತರಸಂತೆಯ ಆಚೆಗೆ ದಮ್ಮನಕಟ್ಟೆ. ಹಿಂದೆ ಆನೆಗಳ ಖೆಡ್ಡಾದಿಂದ ಹೆಸರಾಗಿದ್ದ ಕಾಕನಕೋಟೆಯ ಕಾಡು ಇದೇ. ತೇಗ, ಮತ್ತಿ, ನಂದಿ, ಬೀಟೆಗಳ ಮೇಲ್ಗೊಂಬೆಗಳಲ್ಲಿ ಬೂದುಬಣ್ಣದ ಮೈ, ಮಸಿ ಬಳಿದಂಥ ಮೋರೆ, ದೇಹಕ್ಕಿಂತ ಉದ್ದವಾದ ಬಾಲ ಇವುಗಳಿಂದ ಮುಸುವನನ್ನು ಯಾರೂ ಗುರುತಿಸಬಹುದು. ಕೈಕಾಲುಗಳೂ ಕಪ್ಪೇ.

ಮುಸುವನ ಜೀವಾಳ ಎಲೆ. ಹಸುವಿನ ಹೊಟ್ಟೆಯಂತೆಯೇ ಅದರ ಜಠರವೂ ಹಲವು ಕೋಣೆಗಳದು. ಅಲ್ಲಿರುವ ಸೂಕ್ಷ್ಮಜೀವಿಗಳು ಒರಟು ಎಲೆಯನ್ನು ಹುಳಿಸಿ ಅರಗಿಸಿಕೊಡುತ್ತವೆ. ತಿನ್ನುವಾಗ ಅದು ಬಹಳ ದುಂದುಗಾರ. ಅರ್ಧ ಕಡಿದ ಚಿಗುರು, ಹೂವು, ಕಾಯಿ ಎಲ್ಲವೂ ಕೆಳಗೆ ಉದುರುತ್ತಲೇ ಇರುವುವು. ಆ ಉಚ್ಛಿಷ್ಟಕ್ಕಾಗಿ ಜಿಂಕೆಗಳ ಹಿಂಡು ಮರದ ಬುಡದಲ್ಲಿ ನೆರೆಯುತ್ತದೆ. ಜಿಂಕೆಯ ಮೂಗು ಚುರುಕು, ಮುಸುವನ ಕಣ್ಣು ಚುರುಕು. ಹುಲಿಯೋ ಚಿರತೆಯೋ ಸುಳಿದಾಡಿದರೆ ಮೇಲಿನಿಂದ ಕೆಮ್ಮಿದಂಥ ಒರಟು ಕೂಗು, ಕೆಳಗಿನಿಂದ ಜಿಂಕೆಯ ಕೀರಲು ಧ್ವನಿ. ಸಫಾರಿಯ ವಾಹನ ನಡೆಸುವವರು ಹುಲಿಯನ್ನು ಹುಡುಕುವುದು ಬಹುಮಟ್ಟಿಗೆ ಈ ಕಿವಿಮಾತಿನ ಮೇಲೆಯೇ. ಹುಲಿ ಕಾಣಲಿಲ್ಲವೆಂದು ಮುನಿಸಿಕೊಂಡು ಮರಳುವ ಪ್ರವಾಸಿಗಳು ಆ ಕೂಗಿನ ಒಡೆಯನತ್ತ ಕತ್ತೆತ್ತಿಯೂ ನೋಡುವುದಿಲ್ಲವೆಂಬುದು ವಿಷಾದದ ಸಂಗತಿ.

ಎಲೆ ಉದುರುವ ಬೇಸಗೆಯ ತಿಂಗಳುಗಳಲ್ಲಿ ಕಣ್ಣಿಗೆ ಹೆಚ್ಚು ಬೀಳುವುವು. ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. 2025ರ ನವೆಂಬರಿನಲ್ಲಿ ಈ ಸೀಮೆಯ ರೈತರ ಮೇಲೆ ಹುಲಿಗಳು ಎರಗಿದ ತರುವಾಯ ಸಫಾರಿಯನ್ನೇ ನಿಲ್ಲಿಸಲಾಗಿತ್ತು.

ಎರಡನೆಯ ನೆಂಟ ಹಗಲಿನಲ್ಲಿ ಮುಖ ತೋರಿಸುವವನಲ್ಲ. ಅವನೇ ಕಾಡುಪಾಪ. ಅಂಗೈಯಲ್ಲಿ ಅಡಗುವಷ್ಟು ಕಿರಿಯ ದೇಹ, ಕಡ್ಡಿಯಂಥ ಕೈಕಾಲು, ಬಾಲವಿಲ್ಲ, ಮುಖದ ತುಂಬ ಕಣ್ಣು. ಇವನಿಗೆ ದಟ್ಟ ಕಾಡು ಬೇಕಿಲ್ಲ. ಕುರುಚಲು, ತೋಪು, ಹೊಲದ ಬೇಲಿಗಳ ಕೊಂಬೆಗಳೇ ಸಾಕು. ಹುಳುಹುಪ್ಪಟೆ ಇವನ ಮುಖ್ಯಾಹಾರ. ಅಂಟನ್ನೂ ನೆಕ್ಕುತ್ತಾನೆ. ಮಾಟಮಂತ್ರದ ಮೂಢನಂಬಿಕೆಯಿಂದ ಈ ಬಡಪಾಯಿಯನ್ನು ಹಿಡಿದು ಹಿಂಸಿಸುವವರಿದ್ದಾರೆ. ತುಮಕೂರಿನ ಬಳಿಯ ನಾಗವಲ್ಲಿ ಗ್ರಾಮ ಕಾಡುಪಾಪಗಳಿಗೆ ಹೆಸರಾದುದು. ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಇದಕ್ಕಾಗಿಯೇ ಒಂದು ಅಭಯಾರಣ್ಯವನ್ನು ಘೋಷಿಸಿತು. ನೋಡಬಯಸುವವರು ಬ್ಯಾಟರಿ ದೀಪಕ್ಕೆ ಕೆಂಪು ಕಾಗದ ಸುತ್ತಿ, ಊರಿನವರೊಡನೆ ಬೇಲಿಯ ಬದಿಯಲ್ಲಿ ಹುಡುಕಬೇಕು. ರಾತ್ರಿಯಲ್ಲಿ ನಾಗರಹೊಳೆಯೊಳಗೆ ಅಲೆಯಲು ಯಾರಿಗೂ ಅಪ್ಪಣೆಯಿಲ್ಲ.

ಸಿಂಗಳೀಕವನ್ನು ಇಲ್ಲಿ ಅರಸುವುದು ವ್ಯರ್ಥ. ಅದಕ್ಕೆ ನಿತ್ಯಹರಿದ್ವರ್ಣದ ಕಾಡು ಬೇಕು. ಶರಾವತಿ, ಅಘನಾಶಿನಿ ಕಣಿವೆಗಳ ಕಡೆಗೆ ಹೋಗಬೇಕು.

ಇನ್ನುಳಿದದ್ದು ನಮ್ಮ ಕೋತಿ. ಇದನ್ನು ನೋಡಲು ಲೇಖನವೊಂದು ಬೇಕೇ ಎಂದು ವಾಚಕರು ನಗಬಹುದು. ತಲೆಯ ಮೇಲೆ ಬೈತಲೆ ತೆಗೆದಂಥ ಕೂದಲ ಟೋಪಿ, ಕದ್ದ ಕಾಳನ್ನು ತುಂಬಿಕೊಳ್ಳಲು ಕೆನ್ನೆಯೊಳಗೊಂದು ಚೀಲ. ಛಾವಣಿಯ ಹೆಂಚು ಸರಿಸಿ, ಬಾಳೆಗೊನೆ ಕಿತ್ತು, ಗೃಹಿಣಿಯರ ಶಾಪಕ್ಕೆ ಗುರಿಯಾದ ಪ್ರಾಣಿ. ಆದರೆ ಇದು ಭಾರತದ ದಕ್ಷಿಣ ಪರ್ಯಾಯದ್ವೀಪವನ್ನು ಬಿಟ್ಟರೆ ಪ್ರಪಂಚದ ಬೇರಾವ ಕಾಡಿನಲ್ಲಿಯೂ ಇಲ್ಲ. ಆಫ್ರಿಕದವನೊಬ್ಬ ಇದನ್ನು ಕಾಣಬೇಕಾದರೆ ನಮ್ಮಲ್ಲಿಗೇ ಬರಬೇಕು!

ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಮೇವಾ ಸಿಂಗ್ ಅವರೂ ಸಂಗಡಿಗರೂ 1980ರ ದಶಕದ ಕೊನೆಯಿಂದ ಮೈಸೂರಿನ ಸುತ್ತಣ ರಸ್ತೆಗಳ ಕೋತಿಗಳನ್ನು ಮತ್ತೆ ಮತ್ತೆ ಎಣಿಸಿದರು. ಅದೇ ಹಾದಿ, ಅದೇ ಲೆಕ್ಕ. 2017ರಲ್ಲಿ ಪ್ರಕಟವಾದ ಫಲಿತಾಂಶ ಬೆಚ್ಚಿಬೀಳಿಸುವಂತಿತ್ತು. 25 ವರ್ಷಗಳಲ್ಲಿ ಸಂಖ್ಯೆ ನೂರಕ್ಕೆ 65ಕ್ಕಿಂತ ಹೆಚ್ಚು ಇಳಿದಿತ್ತು. ಯಾವುದನ್ನು ಎಲ್ಲೆಲ್ಲೂ ಇರುವುದೆಂದು ಬಗೆದು ಯಾರೂ ಗಣಿಸಲಿಲ್ಲವೋ ಅದೇ ಸದ್ದಿಲ್ಲದೆ ಕರಗಿತ್ತು.

ಕಾರಣ ಬಹುಮಟ್ಟಿಗೆ ಮರ. ದೊರೆಗಳ ಕಾಲದಲ್ಲಿ ದಾರಿಹೋಕರ ನೆರಳಿಗೆಂದು ಇಕ್ಕೆಲಗಳಲ್ಲಿ ನೆಟ್ಟ ಆಲದ ಸಾಲುಗಳು ಕೋತಿಯ ಪಾಲಿಗೆ ಛತ್ರವೂ ಹೌದು, ಮನೆಯೂ ಹೌದು. ಹಣ್ಣು ಅಲ್ಲಿಯೇ, ರಾತ್ರಿಯ ನಿದ್ರೆ ಅಲ್ಲಿಯೇ, ನಾಯಿ ಅಟ್ಟಿಸಿಕೊಂಡು ಬಂದರೆ ರಕ್ಷಣೆಯೂ ಅಲ್ಲಿಯೇ. ಒಂದರ ಕೊಂಬೆ ಇನ್ನೊಂದಕ್ಕೆ ತಾಗುವುದರಿಂದ ನೆಲಕ್ಕಿಳಿಯದೆ ಬಹುದೂರ ಸಾಗಬಹುದಿತ್ತು. ರಸ್ತೆಗಳು ಅಗಲವಾದಂತೆ ಈ ಮುದಿ ಮರಗಳು ಉರುಳಿದವು. ಕೃಷ್ಣರಾಜನಗರದಂಥ ನಾಲೆಯ ನಾಡಿನಲ್ಲಿ ಆಸರೆಗೆ ಕಾಡೇ ಇಲ್ಲ. ಸಾಲುಮರ ಹೋದರೆ ಗದ್ದೆ, ಮನೆ, ದೇವಸ್ಥಾನ ಇಷ್ಟೇ ಉಳಿಯುವುದು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೂ ಸೌದೆ ಬೇಕು. ಮನೆ ಕಳೆದುಕೊಂಡ ಕೋತಿ ಊರಿಗೆ ನುಗ್ಗುತ್ತದೆ. ಊರವರು ಹಿಡಿಸಿ ದೂರ ಸಾಗಿಸುತ್ತಾರೆ. ಅಪರಿಚಿತ ಸ್ಥಳದಲ್ಲಿ ಬಿಟ್ಟ ಗುಂಪು ಹತ್ತಿರದ ಇನ್ನೊಂದು ಹಳ್ಳಿಯನ್ನು ಹುಡುಕದೆ ಇರುವುದೇ?

ಉತ್ತರದಿಂದ ಬೇರೊಂದು ಒತ್ತಡವೂ ಇದೆ. ಉತ್ತರ ಹಿಂದೂಸ್ಥಾನದ ಕೆಂಪುಮೋರೆಯ ರೀಸಸ್ ಕೋತಿ ದಕ್ಷಿಣದತ್ತ ವ್ಯಾಪಿಸುತ್ತ, ನಮ್ಮ ಕೋತಿಯ ನೆಲವನ್ನು ಆಕ್ರಮಿಸುತ್ತಿದೆ. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಹಿಂದೆ 'ಚಿಂತೆಯಿಲ್ಲ' ಎಂಬ ಸಾಲಿನಲ್ಲಿದ್ದ ಇದನ್ನು ಈಗ 'ದುರ್ಬಲ' ಎಂಬ ವರ್ಗಕ್ಕೆ ಸೇರಿಸಿದ್ದಾರೆ.

ಕೋತಿಯನ್ನು ನೋಡಬೇಕೆನ್ನುವವರು ಹಳೆಯ ಆಲಗಳು ಉಳಿದಿರುವ ಹಾದಿಯನ್ನೇ ಹಿಡಿಯಬೇಕು. ಬಿಸಿಲೇರುವ ಮುಂಚೆ, ಆಲದ ಹಣ್ಣು ಕೆಂಪಾಗುವ ದಿನಗಳಲ್ಲಿ, ವಾಹನವನ್ನು ದೂರದಲ್ಲಿ ನಿಲ್ಲಿಸಿ, ಕೈಯಲ್ಲಿ ಕಡಲೆಕಾಯಿಯ ಪೊಟ್ಟಣವಿಲ್ಲದೆ ಕಾಯುವುದು. ರಸ್ತೆಯಂಚಿನಲ್ಲಿ ಚೆಲ್ಲಿದ ತಿನಿಸು ಕೋತಿಯನ್ನು ಲಾರಿಯ ಚಕ್ರದ ಕಡೆಗೆ ಕರೆಯುತ್ತದೆ. ಕಾಯುವವರಿಗೆ ಮೊದಲು ಹಣ್ಣು ಉದುರುವ ಸದ್ದು ಕೇಳಿಸುತ್ತದೆ. ಆಮೇಲೆ ತಾಯ ಹೊಟ್ಟೆಗೆ ಅವುಚಿಕೊಂಡ ಮರಿ, ಅದರ ಹಿಂದೆ ಉಳಿದ ಸಂಸಾರ.